ಹಳೇ ಮರಗೆಲಸದ ಯಂತ್ರ ಕೊಳ್ಳುವವರಿಗೆ: ಕೊಡಗಿನ ಮಳೆ, ಘಾಟಿ, ಕರೆಂಟು ಎಲ್ಲ ಲೆಕ್ಕಕ್ಕಿಟ್ಟ ಸಮಗ್ರ ಮಾರ್ಗದರ್ಶಿ

ಹೊಸದಾಗಿ ಬಣ್ಣ ಬಳಿದ ಹಳೇ ಯಂತ್ರ ಕಂಡರೆ ಮೊದಲು ಅನುಮಾನಪಡಿ. ಮಿಲ್ಲಿನ ಮೂಲೆಯಲ್ಲಿ ಹೊಟ್ಟು ಮೆತ್ತಿಕೊಂಡು, ತುಕ್ಕು ಹಿಡಿದು ಕೂತಿರುವ ಯಂತ್ರ ತನ್ನ ಕಾಯಿಲೆಯನ್ನೆಲ್ಲ ಮೈಮೇಲೇ ತೋರಿಸುತ್ತದೆ. ಬಣ್ಣ ಬಳಿದದ್ದು ಬಿರುಕನ್ನೂ ಪುಟ್ಟಿಯನ್ನೂ ಒಟ್ಟಿಗೇ ಮುಚ್ಚಿಕೊಂಡಿರುತ್ತದೆ.

ಈ ವ್ಯವಹಾರದಲ್ಲಿ ನೆಚ್ಚಬೇಕಾದದ್ದು ಬೀಡನ್ನು, ಅಂದರೆ ಎರಕದ ಕಬ್ಬಿಣವನ್ನು. ಬೇರಿಂಗು, ಬೆಲ್ಟು, ಮೋಟಾರು, ಸ್ಟಾರ್ಟರು ಎಲ್ಲ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಸಿಗುತ್ತವೆ. ಒಡೆದ ಬೀಡಿನ ಚೌಕಟ್ಟು, ಕಳೆದುಹೋದ ಫೆನ್ಸು (ಮರವನ್ನು ನೇರವಾಗಿ ನಡೆಸುವ ಪಟ್ಟಿ), ಬಾಗಿದ ಸ್ಪಿಂಡಲ್ಲು (ತಿರುಗುವ ಮುಖ್ಯ ಶಾಫ್ಟು) ಇವಕ್ಕೆ ಬದಲಿ ಸಿಗುವುದಿಲ್ಲ. ಸಿಗುವುದರ ಕೊರತೆಗೆ ಬೆಲೆ ಇಳಿಸಿ ಕೊಳ್ಳಬಹುದು, ಸಿಗದಿರುವುದರ ಕೊರತೆಗೆ ಕೈಮುಗಿದು ಬರಬೇಕು.

ಯಾವುದರಿಂದ ಶುರು ಮಾಡುವುದು

ಮೊದಲ ಯಂತ್ರವಾಗಿ ಚೌಕ ಉಳಿಯ ಮಾರ್ಟೈಸರ್, ಅಂದರೆ ಬಾಗಿಲು ಚೌಕಟ್ಟಿನ ಜೋಡಣೆಗೆ ಚೌಕ ತೂತು ಕೊರೆಯುವ ಯಂತ್ರ ಒಳ್ಳೆಯದು. ಭಾಗಗಳು ಕಡಿಮೆ, ಬಿಚ್ಚಿದರೆ ಎರಡು ಮೂರು ತುಂಡು, ಪಿಕಪ್‌ನಲ್ಲಿ ಬರುತ್ತದೆ. ಉಳಿಯ ಹಿಡಿಕೆ ಕೂರುವ ಬುಶ್ಶಿನ ಅಳತೆ ಮಾತ್ರ ನೋಡಿಕೊಳ್ಳಿ: 3/4 ಇಂಚು ಮತ್ತು 13/16 ಇಂಚು ಎರಡೂ ಬಳಕೆಯಲ್ಲಿವೆ, ಒಂದರ ಉಳಿ ಇನ್ನೊಂದಕ್ಕೆ ಸರಿಹೋಗದು. ಚೈನ್ ಮಾರ್ಟೈಸರ್ ನೋಡಲು ಚಂದ, ಆದರೆ ಅದರ ಚೈನು ಮತ್ತು ಗೈಡ್‌ಬಾರ್ ಹುಡುಕುವುದು ಪ್ರಯಾಸ. ಅವು ಜೊತೆಗೆ ಬರದಿದ್ದರೆ ಬಿಡಿ.

ಎರಡನೆಯದು ಮರದ ಲೇತು. ಮೂರನೆಯದು ಬ್ಯಾಂಡ್ ಸಾ, ಅಂದರೆ ಎರಡು ಚಕ್ರಗಳ ಮೇಲೆ ಓಡುವ ಪಟ್ಟಿ ಗರಗಸ, ಅಥವಾ ರಂದಾ ಯಂತ್ರ. ನಾಲ್ಕೂ ಬದಿ ಒಟ್ಟಿಗೆ ರಂದಾ ಹೊಡೆಯುವ ಮೋಲ್ಡರ್ ಎಂಥ ಅಗ್ಗಕ್ಕೆ ಬಂದರೂ ಆರಂಭದಲ್ಲಿ ಬೇಡ. ಅದು ನಾಲ್ಕು ಯಂತ್ರದ ರಿಪೇರಿ ಒಂದೇ ಚೌಕಟ್ಟಿನಲ್ಲಿ.

ಅಳತೆಯ ಭಾಷೆಯಲ್ಲೂ ಎಡವಬಾರದು. ಬ್ಯಾಂಡ್ ಸಾ "36 ಇಂಚಿನದು" ಅಂದರೆ ಚಕ್ರದ ವ್ಯಾಸ. ಹಲಗೆಯನ್ನು ಒಂದೇ ದಪ್ಪಕ್ಕೆ ರಂದಾ ಹೊಡೆಯುವ ತಿಕ್‌ನೆಸ್ ಪ್ಲೇನರ್ "24 ಇಂಚಿನದು" ಅಂದರೆ ಒಳಗೆ ಹೋಗುವ ಹಲಗೆಯ ಅಗಲ. ಲೇತಿನಲ್ಲಿ ಇಂಗ್ಲೆಂಡಿನವರು ಬೆಡ್ಡಿನಿಂದ ಸ್ಪಿಂಡಲ್ ನಡುವಿನವರೆಗಿನ ಎತ್ತರ ಹೇಳುತ್ತಾರೆ, ಅಮೆರಿಕದವರು ತಿರುಗಬಲ್ಲ ಮರದ ವ್ಯಾಸ. ಇಂಗ್ಲೆಂಡಿನ 6 ಇಂಚು ಮತ್ತು ಅಮೆರಿಕದ 12 ಇಂಚು ಒಂದೇ ಗಾತ್ರದ ಲೇತು.

ಬೀಡಿನಲ್ಲೇ ಎರಕ ಹೊಯ್ದ ಹೆಸರನ್ನು ಹುಡುಕಿ. 1897ರಲ್ಲಿ ಶುರುವಾದ ಲೆಸ್ಟರ್‌ನ ವಾಡ್ಕಿನ್, 1838ರಿಂದ ಇದ್ದ ರಾಚ್‌ಡೇಲ್‌ನ ಥಾಮಸ್ ರಾಬಿನ್ಸನ್ ಅಂಡ್ ಸನ್, ಹ್ಯಾಲಿಫ್ಯಾಕ್ಸ್‌ನ ಸಾಗರ್, ನ್ಯೂವಾರ್ಕ್‌ನ ರ‍್ಯಾನ್ಸಮ್ ಬ್ರಿಟಿಷ್ ಹೆಸರುಗಳು. ಗ್ರ್ಯಾಂಡ್ ರ‍್ಯಾಪಿಡ್ಸ್‌ನ ಆಲಿವರ್ ಅಮೆರಿಕದ್ದು. 'ಸಾಗರ್' ಎಂಬುದನ್ನು ನಮ್ಮ ಕಡೆಯ ಹೆಸರೆಂದು ತಿಳಿದು ಬಿಟ್ಟುಬಂದೀರಿ, ಅದು ಅಪ್ಪಟ ಇಂಗ್ಲಿಷ್ ಮನೆತನದ ಹೆಸರು. ದೇಶೀ ಯಂತ್ರಗಳನ್ನೂ ಕಡೆಗಣಿಸಬೇಡಿ. ಪಂಜಾಬಿನ ಬಟಾಲಾ ಬೀಡು ಎರಕಕ್ಕೆ ಹೆಸರಾದ ಊರು. ಅಲ್ಲಿಯಂಥ ಎರಕದ ಮನೆಗಳ ಹಳೇ ಯಂತ್ರ ಒರಟಾಗಿದ್ದರೂ ಬಾಳಿಕೆ ಬರುತ್ತದೆ, ರಿಪೇರಿಯೂ ಸುಲಭ. ಸಂಗ್ರಾಹಕರ ಕಣ್ಣು ಇನ್ನೂ ಅವುಗಳ ಮೇಲೆ ಅಷ್ಟಾಗಿ ಬಿದ್ದಿಲ್ಲ.

ದುಡ್ಡು ಕೊಡುವ ಮೊದಲೇ ಅರಣ್ಯ ಇಲಾಖೆ

ಕೊಡಗಿನಲ್ಲಿ ಇದನ್ನು ಕೊನೆಗೆ ಇಟ್ಟುಕೊಂಡವರು ತೊಂದರೆಗೆ ಸಿಕ್ಕುತ್ತಾರೆ. ಅರಣ್ಯ ಸಂರಕ್ಷಣೆಯ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್ 12ರಂದು ಕೊಟ್ಟ ಆದೇಶದಿಂದ ಈಚೆಗೆ ಸಾಮಿಲ್ಲುಗಳ ಮೇಲೆ ಬಿಗಿ ಹಿಡಿತವಿದೆ. ಮರ ಆಧಾರಿತ ಕೈಗಾರಿಕೆಗಳಿಗೆ 2016ರ ಕೇಂದ್ರ ಮಾರ್ಗಸೂಚಿ ಇದೆ. ಬ್ಯಾಂಡ್ ಸಾ, ಕೊಯ್ದ ಮರವನ್ನು ಮತ್ತೆ ಸೀಳುವ ರೀಸಾ, 30 ಸೆಂ.ಮೀ. ವ್ಯಾಸ ಮೀರಿದ ಸರ್ಕ್ಯುಲರ್ ಸಾ ಇವು ಮೂರೂ ಲೈಸೆನ್ಸಿನ ಪ್ರಶ್ನೆ ಎಬ್ಬಿಸುವ ಯಂತ್ರಗಳು. ಮಾರ್ಟೈಸರ್, ಲೇತು, ರಂದಾ ಯಂತ್ರಗಳ ಮಟ್ಟಿಗೆ ತಲೆನೋವು ಕಡಿಮೆ. ಮೊದಲ ಯಂತ್ರ ಮಾರ್ಟೈಸರ್ ಆಗಲಿ ಎನ್ನುವುದಕ್ಕೆ ಇದೂ ಒಂದು ಕಾರಣ.

"ಪ್ರದರ್ಶನಕ್ಕೆ ಮಾತ್ರ" ಎಂದು ಬಾಯಲ್ಲಿ ಹೇಳಿದರೆ ಸಾಲದು. ಬ್ಯಾಂಡ್ ಸಾ ಕೊಳ್ಳುವುದಿದ್ದರೆ ನಿಮ್ಮ ಜಾಗ ಮಡಿಕೇರಿ ಅರಣ್ಯ ವಿಭಾಗಕ್ಕೆ ಸೇರಿದ್ದೋ ವಿರಾಜಪೇಟೆ ವಿಭಾಗಕ್ಕೋ ನೋಡಿಕೊಂಡು, ಅಲ್ಲಿನ ಉಪ ಅರಣ್ಯ ಸಂರಕ್ಷಣಾಧಿಕಾರಿಗೆ ಯಂತ್ರದ ಗಾತ್ರ, ಎಲ್ಲಿಂದ ಬರುತ್ತದೆ, ಎಲ್ಲಿ ಇಡುತ್ತೀರಿ, ಕರೆಂಟು ಕೊಡುತ್ತೀರೋ ಇಲ್ಲವೋ ಬರೆದು ಅರ್ಜಿ ಕೊಡಿ, ಲಿಖಿತ ಉತ್ತರ ಪಡೆಯಿರಿ. ಮುಚ್ಚಿದ ಮಿಲ್ಲಿನಿಂದ ಕೊಂಡರೆ ಆ ಮಿಲ್ಲಿನ ಲೈಸೆನ್ಸ್ ಏನಾಯಿತು ಎಂದೂ ಕೇಳಿ. ಲೈಸೆನ್ಸು ಯಂತ್ರದ ಜೊತೆ ನಿಮ್ಮ ಮನೆಗೆ ಬರುವುದಿಲ್ಲ.

ಎಲ್ಲಿ ಸಿಗುತ್ತವೆ, ಯಾವಾಗ ಹೋಗುವುದು

ಕುಶಾಲನಗರ, ಗೋಣಿಕೊಪ್ಪ, ವಿರಾಜಪೇಟೆ ಸುತ್ತಿನ ಹಳೇ ಮಿಲ್ಲು, ಮರಗೆಲಸದ ಶೆಡ್ಡುಗಳು ಮೊದಲ ತಾಣ. ಗಡಿಯಾಚೆ ಹೋದರೆ ಕೋಳಿಕ್ಕೋಡಿನ ಕಲ್ಲಾಯಿ ಮರದ ವ್ಯಾಪಾರಕ್ಕೆ ಬಹುಕಾಲದಿಂದ ಹೆಸರಾದ ಜಾಗ. ಮಂಗಳೂರು ಮತ್ತು ಮೈಸೂರಿನ ಗುಜರಿ ಅಂಗಡಿಗಳಿಗೂ ಆಗಾಗ ಬರುತ್ತವೆ. ಸರ್ಕಾರಿ ವರ್ಕ್‌ಶಾಪು, ತರಬೇತಿ ಸಂಸ್ಥೆಗಳು ವಿಲೇವಾರಿ ಮಾಡುವ ಯಂತ್ರಗಳನ್ನು ಕೇಂದ್ರ ಸರ್ಕಾರಿ ಕಂಪನಿ ಎಂಎಸ್‌ಟಿಸಿಯ ಇ-ಹರಾಜಿನಲ್ಲಿ ನೋಡುತ್ತಿರಿ. ಅಲ್ಲಿ ಹೆಚ್ಚಾಗಿ "ಹಳೇ ಯಂತ್ರ, ಇದ್ದಲ್ಲಿ ಇದ್ದಂತೆ" ಎಂದು ಲಾಟಿನಲ್ಲಿ ಹೋಗುತ್ತದೆ. ಹಾಗಾಗಿ ಹರಾಜಿಗೆ ಮೊದಲು ತಪಾಸಣೆಗೆ ಕೊಡುವ ದಿನ ಖುದ್ದಾಗಿ ಹೋಗದೆ ಬಿಡ್ ಹಾಕಬೇಡಿ.

ಹಳೇ ಕಾಫಿ ತೋಟಗಳ ಪಲ್ಪರ್ ಶೆಡ್ಡನ್ನು, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರದ ಶೆಡ್ಡನ್ನು ಮರೆಯಬಾರದು. ಅಲ್ಲಿ ಮರಗೆಲಸದ ಯಂತ್ರ ಇರಲಿಕ್ಕಿಲ್ಲ. ಆದರೆ ಡೀಸೆಲ್ ಎಂಜಿನ್ನಿನಿಂದ ಪಲ್ಪರ್ ಓಡಿಸುತ್ತಿದ್ದ ಕಾಲದ ಲೈನ್ ಶಾಫ್ಟು (ಬೆಲ್ಟುಗಳಿಗೆ ತಿರುಗುವ ಬಲ ಹಂಚುವ ಉದ್ದ ಶಾಫ್ಟು), ಚಪ್ಪಟೆ ಬೆಲ್ಟಿನ ದೊಡ್ಡ ಪುಲ್ಲಿ, ಶಾಫ್ಟನ್ನು ಹೊರುವ ಬೇರಿಂಗಿನ ಪ್ಲಮರ್ ಬ್ಲಾಕು ಮಾಡಿಗೇ ನೇತಾಡುತ್ತಿರುವುದುಂಟು. ಬೆಲ್ಟಿನಿಂದ ಓಡುವ ಯಂತ್ರವನ್ನು ಅದರ ಕಾಲದ ರೀತಿಯಲ್ಲೇ ನಿಲ್ಲಿಸಬೇಕೆನ್ನುವವರಿಗೆ ಇವು ಬೇಕೇ ಬೇಕು.

ಕಾಲ: ಮಾರ್ಚ್‌ನಿಂದ ಮೇ ನಡುವಿನವರೆಗೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು, ಎತ್ತಲು ಆಳು ಸಿಗುವುದಿಲ್ಲ, ಪಿಕಪ್ಪೂ ಬಿಡುವಿರುವುದಿಲ್ಲ. ಜೂನ್ ಬಂತೆಂದರೆ ತೋಟದ ಮಣ್ಣುದಾರಿಯಲ್ಲಿ ಒಂದು ಟನ್ ಬೀಡು ಹೊತ್ತ ಲಾರಿ ಹೂತುಕೊಳ್ಳುವುದು ಖಂಡಿತ.

ಚೀಲದಲ್ಲಿ ಏನಿರಬೇಕು

3 ಅಡಿಯ ನೇರಪಟ್ಟಿ, ಫೀಲರ್ ಗೇಜ್, ಮ್ಯಾಗ್ನೆಟ್ ಬುಡದ ಡಯಲ್ ಗೇಜ್, ವರ್ನಿಯರ್, ಥ್ರೆಡ್ ಗೇಜ್, ಸಣ್ಣ ಸುತ್ತಿಗೆ, ಟಾರ್ಚು, ಅರ್ಧ ಲೀಟರ್ ಸೀಮೆಎಣ್ಣೆ, ಬನಿಯನ್ ಬಟ್ಟೆ, ಸೀಮೆಸುಣ್ಣ, ಒಂದು ಬಿಡಿ ಅಯಸ್ಕಾಂತ, ಮೋಟಾರಿನ ಇನ್ಸುಲೇಶನ್ ಅಳೆಯುವ 500 ವೋಲ್ಟಿನ ಮೆಗ್ಗರ್. ಸ್ಪ್ಯಾನರುಗಳಲ್ಲಿ ವಿಟ್‌ವರ್ತ್, ಅಂದರೆ ಹಳೇ ಬ್ರಿಟಿಷ್ ಇಂಚಿನ ಅಳತೆಯ ಸೆಟ್ ಇರಲೇಬೇಕು. ಹಳೇ ಬ್ರಿಟಿಷ್ ಯಂತ್ರದ ಬೋಲ್ಟಿಗೆ ಎಂ.ಎಂ. ಸ್ಪ್ಯಾನರ್ ಹಾಕಿದರೆ ತಲೆ ಉರುಟಾಗಿ ಹೋಗುತ್ತದೆ. ವಿಟ್‌ವರ್ತ್ ಸ್ಪ್ಯಾನರಿನ ಮೇಲೆ ಬರೆದದ್ದು ಬಾಯಿಯ ಅಗಲವಲ್ಲ, ಬೋಲ್ಟಿನ ವ್ಯಾಸ, ಇದು ಹೊಸಬರನ್ನು ಗಲಿಬಿಲಿ ಮಾಡುತ್ತದೆ. ಅರ್ಧ ಇಂಚಿನ ಬೋಲ್ಟಿನಲ್ಲಿ ವಿಟ್‌ವರ್ತ್‌ಗೆ ಇಂಚಿಗೆ 12 ಎಳೆ, ಅಮೆರಿಕದ ಅಳತೆಯಾದ ಯುಎನ್‌ಸಿಗೆ 13. ಮೊದಲ ಎರಡು ಸುತ್ತು ಹೋಗುತ್ತದೆ, ಆಮೇಲೆ ಬಿಗಿಯುತ್ತದೆ. ಅಲ್ಲಿ ಬಲ ಹಾಕಿದವರು ಬೀಡಿನೊಳಗಿನ ಎಳೆಯನ್ನೇ ಕಿತ್ತುಹಾಕುತ್ತಾರೆ.

ಯಂತ್ರದ ಮುಂದೆ ನಿಂತಾಗ

ಮೊದಲು ಹೊಟ್ಟು ಗುಡಿಸಿ. ಬೀಡು ಒಡೆಯುವುದು ಹೆಚ್ಚಾಗಿ ಐದು ಕಡೆ: ನೆಲಕ್ಕೆ ಬಿಗಿದ ಪಾದ, ಬೇರಿಂಗ್ ಮನೆಯ ಕಿವಿಗಳು, ಟೇಬಲ್ಲಿನಲ್ಲಿ ಬ್ಲೇಡು ಹೋಗುವ ಸೀಳಿನ ತುದಿ, ಟೇಬಲ್ ಓರೆ ಮಾಡುವ ಅರೆಚಂದ್ರಾಕಾರದ ಟ್ರನಿಯನ್, ಮತ್ತು ಚಕ್ರದ ಅರಗಳು ನಡುವಿನ ಗುಂಬಕ್ಕೆ (ಹಬ್‌ಗೆ) ಸೇರುವ ಜಾಗ.

ಅಲ್ಲೆಲ್ಲ ಬಟ್ಟೆಯಿಂದ ಸೀಮೆಎಣ್ಣೆ ಹಚ್ಚಿ ಐದು ನಿಮಿಷ ಬಿಡಿ. ಒಣ ಬಟ್ಟೆಯಿಂದ ಚೆನ್ನಾಗಿ ಒರೆಸಿ. ಸೀಮೆಸುಣ್ಣವನ್ನು ಪುಡಿಮಾಡಿ ಮೇಲೆ ತೆಳುವಾಗಿ ಉಜ್ಜಿ, ಸುತ್ತಿಗೆಯಿಂದ ಪಕ್ಕದಲ್ಲಿ ಮೆಲ್ಲಗೆ ತಟ್ಟಿ ಕಾಯಿರಿ. ಬಿರುಕಿದ್ದರೆ ಒಳಗೆ ಕೂತ ಎಣ್ಣೆ ಸುಣ್ಣಕ್ಕೆ ಏರಿ, ಬಿಳಿಯ ಮೇಲೆ ಕೂದಲಿನಂಥ ಕಂದು ಗೆರೆ ಮೂಡುತ್ತದೆ. ಬಣ್ಣದ ಮೇಲೆ ಈ ಪರೀಕ್ಷೆ ನಡೆಯದು, ನಾಣ್ಯದಿಂದ ಅಷ್ಟು ಜಾಗದ ಬಣ್ಣ ಕೆರೆಯಲು ಮಾಲೀಕರ ಅನುಮತಿ ಕೇಳಿ. ಬೇಡವೆಂದರೆ ಅದೇ ಉತ್ತರ. ಬಿಡಿ ಅಯಸ್ಕಾಂತವನ್ನು ಮೇಲ್ಮೈ ಮೇಲೆ ಜಾರಿಸಿ: ಪುಟ್ಟಿ ದಪ್ಪಗೆ ತುಂಬಿದಲ್ಲಿ ಹಿಡಿತ ತಪ್ಪುತ್ತದೆ.

ಬ್ಯಾಂಡ್ ಸಾ ಚಕ್ರವನ್ನು ಕೈಯಲ್ಲಿ ತಿರುಗಿಸಿ, ಪ್ರತಿ ಅರಕ್ಕೂ ಸುತ್ತಿಗೆಯಿಂದ ತಟ್ಟಿ. ಸರಿಯಿದ್ದ ಚಕ್ರ ಗಂಟೆಯಂತೆ ಕಣಕಣ ಎನ್ನುತ್ತದೆ. ಬಿರುಕಿದ್ದದ್ದು ಮಡಕೆ ತಟ್ಟಿದ ಹಾಗೆ ಮೊದ್ದಾಗಿ ಕೇಳುತ್ತದೆ. ಒಡೆದ ಚಕ್ರಕ್ಕೆ ವೆಲ್ಡಿಂಗ್ ಮಾಡಿಸಿ ಓಡಿಸುವ ಯೋಚನೆಯೇ ಬೇಡ. 36 ಇಂಚಿನ ಚಕ್ರ ನಿಮಿಷಕ್ಕೆ 480 ಸುತ್ತು ಹೋದರೆ ಅದರ ಅಂಚು ನಿಮಿಷಕ್ಕೆ ಸುಮಾರು 4,500 ಅಡಿ ಓಡುತ್ತಿರುತ್ತದೆ. ಪಾದ ಒಡೆದಿದ್ದರೆ ಮಾತು ಬೇರೆ. ಕಾಯಿಸಿ ಹಿತ್ತಾಳೆ ಬೆಸುಗೆ ಹಾಕುವ ಅನುಭವಿ ಕೈಯಿದ್ದರೆ ಅದು ಸಹಿಸಬಹುದಾದ ದೋಷ.

ಆಮೇಲೆ ಶಾಫ್ಟು. ಡಯಲ್ ಗೇಜನ್ನು ಬೀಡಿಗೆ ಕಚ್ಚಿಸಿ, ಮೊನೆಯನ್ನು ಸ್ಪಿಂಡಲ್ಲಿನ ಸವೆಯದ ಭಾಗಕ್ಕೆ ತಾಗಿಸಿ ಕೈಯಿಂದ ಒಂದು ಸುತ್ತು ತಿರುಗಿಸಿ. 0.05 ಮಿ.ಮೀ. ಒಳಗಿನ ಓಲಾಟ ಸಾಕಷ್ಟು ಒಳ್ಳೆಯದು. ಹೆಚ್ಚಿದ್ದರೆ ಸ್ಪಿಂಡಲ್ಲನ್ನು ಮೇಲೆ ಕೆಳಗೆ ಎತ್ತಿ ನೋಡಿ. ಎತ್ತಿದಾಗ ಮುಳ್ಳು ಜಿಗಿದರೆ ಬೇರಿಂಗು ಸವೆದಿದೆ, ಅದು ಸುಲಭದ ಕೆಲಸ. ಎತ್ತಿದಾಗ ಅಲ್ಲಾಡದೆ ತಿರುಗಿಸಿದಾಗ ಮಾತ್ರ ಓಲಾಡಿದರೆ ಸ್ಪಿಂಡಲ್ಲೇ ಬಾಗಿದೆ.

ಟೇಬಲ್ಲಿನ ಮೇಲೆ ನೇರಪಟ್ಟಿಯನ್ನು ಉದ್ದಕ್ಕೆ, ಅಡ್ಡಕ್ಕೆ, ಎರಡೂ ಮೂಲೆಗೆರೆಯಲ್ಲಿ ಇಟ್ಟು ಸಂದಿಗೆ ಫೀಲರ್ ತೂರಿಸಿ. 0.15 ಮಿ.ಮೀ. ಒಳಗಿದ್ದರೆ ಚಿಂತೆಯಿಲ್ಲ. ಕೈರಂದಾ, ಅಂದರೆ ಹಲಗೆಯನ್ನು ಕೈಯಿಂದ ದೂಡುವ ರಂದಾ ಯಂತ್ರದಲ್ಲಿ ಎರಡು ಟೇಬಲ್ಲುಗಳ ಹೊರತುದಿ ಜೋತುಬಿದ್ದಿರುತ್ತದೆ. ಅದು ಹೆಚ್ಚಾಗಿ ಜಾರುಪಟ್ಟಿಗಳ ಸವೆತದಿಂದ, ತೆಳು ಹಿತ್ತಾಳೆ ಹಾಳೆ ಕೊಟ್ಟು ಸರಿಮಾಡಬಹುದು. ತಿಕ್‌ನೆಸ್ ಪ್ಲೇನರಿನ ಬೆಡ್ಡು ನಡುವೆ ಕುಳಿಬಿದ್ದಿದ್ದರೆ ದೊಡ್ಡ ವರ್ಕ್‌ಶಾಪಿನಲ್ಲಿ ಗ್ರೈಂಡ್ ಮಾಡಿಸಬೇಕು. ಆ ಸಾಗಾಟವೇ ಯಂತ್ರದ ಬೆಲೆಯಷ್ಟಾಗುತ್ತದೆ.

ರಂದಾ ಯಂತ್ರದಲ್ಲಿ ಅಲಗು ಹಿಡಿದು ತಿರುಗುವ ಕಟ್ಟರ್ ಬ್ಲಾಕು ದುಂಡಗಿದೆಯೋ ಚೌಕವೋ ನೋಡಲೇಬೇಕು. ಕೈಯಿಂದ ಹಲಗೆ ದೂಡುವ ರಂದಾ ಯಂತ್ರದಲ್ಲಿ ಚೌಕ ಬ್ಲಾಕು ಇದ್ದರೆ ಅದನ್ನು ಗಾಜಿನ ಪೆಟ್ಟಿಗೆಗೆ ಮಾತ್ರ ಕೊಳ್ಳಿ. ಚೌಕದ ಮೂಲೆಗಳ ನಡುವೆ ಟೇಬಲ್ಲಿಗೂ ಬ್ಲಾಕಿಗೂ ಬೆರಳು ಹೋಗುವಷ್ಟು ಬಾಯಿ ತೆರೆದಿರುತ್ತದೆ, ಹಲಗೆ ಒದ್ದಾಗ ಕೈ ಅಲ್ಲಿಗೇ ಬೀಳುತ್ತದೆ. ಇಂಗ್ಲೆಂಡಿನ ಮರಗೆಲಸ ಯಂತ್ರಗಳ ನಿಯಮಗಳು 1922ರಲ್ಲೇ ಕೈರಂದಾಗೆ ದುಂಡು ಬ್ಲಾಕನ್ನು ಕಡ್ಡಾಯ ಮಾಡಿದ್ದವು.

ಬೇರಿಂಗಿನ ಮುಚ್ಚಳ ಬಿಚ್ಚಲು ಬಿಟ್ಟರೆ ಅದರ ನಂಬರ್ ಬರೆದುಕೊಳ್ಳಿ. ಬ್ರಿಟಿಷ್ ಯಂತ್ರಗಳಲ್ಲಿ ಇಂಚಿನ ಬೇರಿಂಗುಗಳಿರುತ್ತವೆ. ಹಳೇ ಎಲ್‌ಜೆ 1 ಇಂಚು ಅಂದರೆ ಈಗಿನ ಆರ್‌ಎಲ್‌ಎಸ್ 8: ಒಳವ್ಯಾಸ 1 ಇಂಚು, ಹೊರವ್ಯಾಸ 2 1/4 ಇಂಚು, ಅಗಲ 5/8 ಇಂಚು. ಅಂಗಡಿಯವರು "ಇದೇ ಹತ್ತಿರದ್ದು" ಎಂದು 6205 ಕೊಡಲು ನೋಡುತ್ತಾರೆ. ಅದರ ಒಳವ್ಯಾಸ 25 ಮಿ.ಮೀ., ನಿಮ್ಮ ಶಾಫ್ಟು 25.4. ಶಾಫ್ಟನ್ನು ಕಡೆಸಿ ಹಾಕಿಸಿಕೊಂಡ ಯಂತ್ರಗಳು ಬೇಕಾದಷ್ಟಿವೆ. ಹೊರವ್ಯಾಸವೂ 5 ಮಿ.ಮೀ. ಕಡಿಮೆ ಇರುವುದರಿಂದ ಅಲ್ಲೊಂದು ಬುಶ್ಶು, ಕೊನೆಗೆ ನಡುವೇ ತಪ್ಪಿರುತ್ತದೆ.

ಕೊನೆಗೆ ಹೊಟ್ಟಿನ ರಾಶಿ, ಅಟ್ಟ, ಗೋಣಿಚೀಲ ಹುಡುಕಿ. ಫೆನ್ಸು, ಗಾರ್ಡು, ವಿಶೇಷ ಸ್ಪ್ಯಾನರು, ಬ್ಲೇಡಿನ ಗೈಡು, ಹಲ್ಲು ಮಡಿಸುವ ಸಾಧನ, ಬ್ಲೇಡು ಬೆಸೆಯುವ ಕ್ಲಾಂಪು ಅಲ್ಲೇ ಇರುತ್ತವೆ. ಮಾಲೀಕರಿಗೆ ನೆನಪಿರದಿದ್ದರೂ ಮಿಲ್ಲಿನ ಹಳೇ ಸಾ ಡಾಕ್ಟರ್ (ಗರಗಸದ ಬ್ಲೇಡು ಹದ ಮಾಡುವವರು) ಅಥವಾ ಆಚಾರಿಯವರಿಗೆ ಗೊತ್ತಿರುತ್ತದೆ. "ಅಣ್ಣಾ, ಇದರ ಫೆನ್ಸ್ ಎಲ್ಲಿಟ್ಟಿದ್ರಿ?" ಎಂದು ಒಂದು ಚಹಾದ ಜೊತೆ ಕೇಳಿದರೆ ಅರ್ಧ ಕೆಲಸ ಮುಗಿಯಿತು.

ಬೆಲೆ ಕಟ್ಟುವುದು

ಗುಜರಿ ಬೆಲೆಯೇ ತಳ. ಮಾಲೀಕರ ಮನಸ್ಸಿನಲ್ಲಿರುವುದೂ ಅದೇ. ಬೀಡು ಘನ ಅಡಿಗೆ ಸುಮಾರು 204 ಕೆ.ಜಿ. ತೂಗುತ್ತದೆ. ಆದರೆ ಚೌಕಟ್ಟುಗಳು ಪೊಳ್ಳಾದ್ದರಿಂದ ಕಣ್ಣಳತೆ ಮೋಸ ಮಾಡುತ್ತದೆ. ತೂಕದ ಮೇಲೆ ಮಾತಾದರೆ ಖಾಲಿ ಲಾರಿ, ತುಂಬಿದ ಲಾರಿ ಎರಡನ್ನೂ ವೇಬ್ರಿಡ್ಜಿನಲ್ಲಿ ತೂಗಿಸಿ. ಆ ದಿನದ ಬೀಡಿನ ದರ ಕೇಳಿಕೊಂಡೇ ಹೋಗಿ.

ನೀವು ಕೊಡಬಹುದಾದ ಬೆಲೆಗೆ ಉಲ್ಟಾ ಲೆಕ್ಕ ಹಾಕಿ. ರಿಪೇರಿಯಾಗಿ ಓಡುವ ಸ್ಥಿತಿಯಲ್ಲಿ ಅದೇ ಯಂತ್ರಕ್ಕೆ ನೀವು ಎಷ್ಟು ಕೊಡುತ್ತಿದ್ದಿರಿ ಎಂದು ಮೊದಲು ಬರೆಯಿರಿ. ಅದರಿಂದ ಬೇರಿಂಗು, ಮೋಟಾರ್ ರಿವೈಂಡಿಂಗು, ಸ್ಟಾರ್ಟರು, ಬೆಲ್ಟು, ಬ್ಲೇಡು, ಲಾರಿ, ಕ್ರೇನು, ಆಳು, ಅಡಿಪಾಯ ಒಂದೊಂದಾಗಿ ಕಳೆಯಿರಿ. ಉಳಿದದ್ದು ಗುಜರಿ ಬೆಲೆಗಿಂತ ಕಡಿಮೆ ಬಂದರೆ ಆ ಯಂತ್ರ ನಿಮ್ಮದಲ್ಲ. ಕೊಂಡರೆ ಪ್ರೀತಿಗೆ ಕೊಂಡಂತೆ, ತಪ್ಪಿಲ್ಲ, ಆದರೆ ಗೊತ್ತಿದ್ದು ಕೊಳ್ಳಿ.

ರಸೀದಿಯಲ್ಲಿ ತಯಾರಕರ ಹೆಸರು, ಯಂತ್ರದ ನಂಬರು, ಜೊತೆಗೆ ಕೊಟ್ಟ ಬಿಡಿಭಾಗಗಳ ಪಟ್ಟಿ ಇರಲಿ. ನೋಂದಾಯಿತ ವ್ಯಾಪಾರಿಯಿಂದ ಕೊಂಡರೆ ಜಿಎಸ್‌ಟಿ ಬಿಲ್ ಕೇಳಿ. ಸರಕಿನ ಬೆಲೆ 50,000 ರೂಪಾಯಿ ಮೀರಿದರೆ ಇ-ವೇ ಬಿಲ್ ಇಲ್ಲದೆ ಕೇರಳದ ಗಡಿ ದಾಟಿಸಬೇಡಿ.

ಕರೆಂಟು

ತೋಟದ ಮನೆಗೆ ಸಿಂಗಲ್ ಫೇಸ್, ಯಂತ್ರಕ್ಕೆ ಮೂರು ಫೇಸ್: ಕೊಡಗಿನಲ್ಲಿ ಮುಕ್ಕಾಲು ಪಾಲು ಸಮಸ್ಯೆ ಇಲ್ಲೇ. ದಾರಿ ಎರಡು. ವಿದ್ಯುತ್ ಕಂಪನಿ ಚೆಸ್ಕಾಂನಿಂದ ಮೂರು ಫೇಸ್ ಸಂಪರ್ಕ, ಅಥವಾ ಸಿಂಗಲ್ ಫೇಸನ್ನು ಮೂರು ಫೇಸ್ ಮಾಡಿಕೊಡುವ ವಿಎಫ್‌ಡಿ ಎಂಬ ಸಾಧನ.

ವಿಎಫ್‌ಡಿಯ ಮಿತಿ ತಿಳಿದಿರಲಿ. 230 ವೋಲ್ಟಿನ ಸಿಂಗಲ್ ಫೇಸ್ ಕೊಟ್ಟರೆ ಸಾಮಾನ್ಯ ವಿಎಫ್‌ಡಿ ಕೊಡುವುದು 230 ವೋಲ್ಟಿನ ಮೂರು ಫೇಸ್ ಮಾತ್ರ, 415 ಅಲ್ಲ. 3 ಎಚ್‌ಪಿ ವರೆಗಿನ ಮೋಟಾರುಗಳು ಹೆಚ್ಚಾಗಿ 415 ವೋಲ್ಟಿಗೆ ಸ್ಟಾರ್ (ಮೂರು ಸುತ್ತುಗಳ ಒಂದೊಂದು ತುದಿ ಒಂದೇ ಗಂಟಿಗೆ) ಕಟ್ಟಿರುತ್ತವೆ. ಪೆಟ್ಟಿಗೆಯಲ್ಲಿ ಆರು ತುದಿ ಇದ್ದರೆ ಅದನ್ನು ಡೆಲ್ಟಾ (ತುದಿಗೆ ತುದಿ ಸೇರಿಸಿ ತ್ರಿಕೋನ) ಮಾಡಿಕೊಂಡರೆ 230ಕ್ಕೆ ಸರಿಯಾಗಿ ಓಡುತ್ತದೆ. ಹಳೇ ಬ್ರಿಟಿಷ್ ಮೋಟಾರಿನಲ್ಲಿ ಮೂರೇ ತುದಿ ಹೊರಗಿದ್ದರೆ ಸ್ಟಾರ್ ಗಂಟು ತಂತಿಯ ಸುತ್ತಿನ ಒಳಗೆ ಹುದುಗಿರುತ್ತದೆ. ರಿವೈಂಡಿಂಗ್ ಅಂಗಡಿಯವರು ಅದನ್ನು ಹುಡುಕಿ ತೆಗೆದು ಇನ್ನೂ ಮೂರು ತಂತಿ ಹೊರಗೆ ಎಳೆಯಬಲ್ಲರು. 415ಕ್ಕೇ ಡೆಲ್ಟಾ ಕಟ್ಟಿದ 5 ಎಚ್‌ಪಿ ಮೇಲಿನ ಮೋಟಾರಿಗೆ ಈ ಉಪಾಯ ನಡೆಯದು.

ಅಮೆರಿಕದ ಯಂತ್ರವಾದರೆ ಪ್ಲೇಟಿನಲ್ಲಿ 60 ಸೈಕಲ್ ಇರುತ್ತದೆ. ನಮ್ಮ 50 ಹರ್ಟ್ಸ್‌ನಲ್ಲಿ ಅದು ಆರರಲ್ಲಿ ಐದು ಪಾಲು ವೇಗಕ್ಕೆ ಇಳಿಯುತ್ತದೆ, 1,725 ಸುತ್ತಿನದು ಸುಮಾರು 1,440. ಬೆಲ್ಟಿನ ಯಂತ್ರವಾದರೆ ಪುಲ್ಲಿ ಬದಲಿಸಿ ಸರಿದೂಗಿಸಿ. ಲೆಕ್ಕ ಸರಳ: ಮೋಟಾರಿನ ಸುತ್ತನ್ನು ಮೋಟಾರ್ ಪುಲ್ಲಿಯ ವ್ಯಾಸದಿಂದ ಗುಣಿಸಿ, ಯಂತ್ರದ ಪುಲ್ಲಿಯ ವ್ಯಾಸದಿಂದ ಭಾಗಿಸಿ. 1,440 ಸುತ್ತಿನ ಮೋಟಾರಿಗೆ 9 ಇಂಚಿನ ಪುಲ್ಲಿ, ಕಟ್ಟರ್ ಬ್ಲಾಕಿಗೆ 3 ಇಂಚಿನದು ಹಾಕಿದರೆ ಬ್ಲಾಕು 4,320 ಸುತ್ತು ತಿರುಗುತ್ತದೆ.

ಮಳೆಗಾಲ ಕಳೆದು ಬಂದ ಮೋಟಾರಿಗೆ ನೇರ ಕರೆಂಟು ಕೊಡಬೇಡಿ. ಮೆಗ್ಗರ್‌ನಲ್ಲಿ ತಂತಿಯ ಸುತ್ತಿಗೂ ಮೋಟಾರಿನ ಮೈಗೂ ನಡುವೆ 1.5 ಮೆಗಾಓಮ್ ಆದರೂ ಬರಬೇಕು. ಕಡಿಮೆ ಬಂದರೆ ಕೆಟ್ಟಿದೆ ಎಂದಲ್ಲ, ತೇವ ಕುಡಿದಿದೆ. ಮೋಟಾರಿನ ಮುಚ್ಚಳ ಬಿಚ್ಚಿ, ಅದರ ಮೇಲೆ ಒಂದು ಪೆಟ್ಟಿಗೆ ಕವುಚಿ, ಒಳಗೆ 100 ವ್ಯಾಟಿನ ಹಳೇ ನಮೂನೆಯ ಬಲ್ಬು ಉರಿಸಿ ಎರಡು ದಿನ ಇಟ್ಟು ಮತ್ತೆ ಅಳೆಯಿರಿ. ಆಗಲೂ ಏರದಿದ್ದರೆ ರಿವೈಂಡಿಂಗ್ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಸ್ಟಾರ್ಟರು ನೋ-ವೋಲ್ಟ್ ಕಾಯಿಲ್ (ಕರೆಂಟು ಹೋದರೆ ತಾನೇ ಕಡಿದುಕೊಳ್ಳುವ ಸುರುಳಿ) ಇರುವುದೇ ಆಗಬೇಕು. ಗಾಳಿಮಳೆಗೆ ಕರೆಂಟು ಹೋಗಿ ಬರುವ ಊರಿನಲ್ಲಿ ಬರೀ ಮೇನ್ ಸ್ವಿಚ್ಚಿನ ಮೇಲೆ ಬಿಟ್ಟ ಯಂತ್ರ, ನೀವು ಬ್ಲೇಡು ಬದಲಿಸುತ್ತಿರುವಾಗ ತಾನೇ ಹೊರಟುಬಿಡುತ್ತದೆ.

ಬಿಚ್ಚುವುದು, ಎತ್ತುವುದು, ಘಾಟಿ ಹತ್ತಿಸುವುದು

ಪಾದ ಒಡೆಯುವುದು ಈ ಹಂತದಲ್ಲೇ. ಮೂರು ನಟ್ ಬಿಚ್ಚಿ, ಹೊಟ್ಟು ಮತ್ತು ಸಿಮೆಂಟಿನ ಅಡಿ ಹೂತ ನಾಲ್ಕನೆಯದನ್ನು ನೋಡದೆ ಹಾರೆ ಹಾಕಿ ಮೀಟುತ್ತಾರೆ. ಎಲ್ಲ ಬೋಲ್ಟಿನ ತಲೆ ಕಣ್ಣಿಗೆ ಕಾಣುವವರೆಗೆ ಕೆರೆಯಿರಿ. ನಟ್ ಬರದಿದ್ದರೆ ಬೋಲ್ಟನ್ನು ಗ್ರೈಂಡರಿನಿಂದ ಕತ್ತರಿಸಿ. ಹೋದ ಬೋಲ್ಟಿಗೆ ಹೊಸದು ತರಬಹುದು.

ಬಿಚ್ಚುವ ಮೊದಲು ಎಲ್ಲ ಕೋನದಿಂದ ಫೋಟೋ. ಬಿಚ್ಚಿದ ಬೋಲ್ಟುಗಳನ್ನು ಆಯಾ ತೂತಿಗೇ ಎರಡು ಸುತ್ತು ತಿರುಗಿಸಿ ಇಡಿ. ಟೇಬಲ್ಲು, ಫೆನ್ಸು, ಮೋಟಾರು, ಕೈಚಕ್ರಗಳನ್ನು ತೆಗೆದು ಬೇರೆ ಸಾಗಿಸಿ. ಕೈಚಕ್ರ ಬಲು ಬೇಗ ಒಡೆಯುವ ವಸ್ತು.

ಎತ್ತುವ ಬೆಲ್ಟು ಕಟ್ಟುವುದು ಚೌಕಟ್ಟಿಗೆ, ಎಂದೂ ಟೇಬಲ್ಲಿಗೋ ಸ್ಪಿಂಡಲ್ಲಿಗೋ ಅಲ್ಲ. ಕ್ರೇನ್ ಹೋಗದ ಜಾಗದಲ್ಲಿ ಮೂರುಕಾಲು ಕಂಬ ಮತ್ತು ಯಂತ್ರದ ತೂಕದ ಎರಡರಷ್ಟು ತಾಕತ್ತಿನ ಚೈನ್ ಬ್ಲಾಕು. ನೆಲದಲ್ಲಿ ಸರಿಸಲು 2 ಇಂಚಿನ ಜಿಐ ಪೈಪುಗಳ ನಾಲ್ಕು ತುಂಡು, ಮೇಲೆ ದಪ್ಪ ಹಲಗೆ. ಇಳಿಜಾರಿದ್ದರೆ ಪೈಪು ಬೇಡವೇ ಬೇಡ, ಹಲಗೆಯ ಮೇಲೆ ಜಾರಿಸಿ, ಹಿಂದಿನಿಂದ ಹಗ್ಗದಲ್ಲಿ ತಡೆಹಿಡಿಯಿರಿ.

ಬ್ಯಾಂಡ್ ಸಾಗೆ ಮೇಲ್ಭಾರ ಹೆಚ್ಚು. ಮೇಲಿನ ಚಕ್ರ ತೆಗೆದು ಲಾರಿಗೆ ಹಾಕಿ, ಮುಂದಿನ ತಟ್ಟಿಗೆ ಒರಗಿಸಿ ನಾಲ್ಕು ದಿಕ್ಕಿಗೂ ರ‍್ಯಾಚೆಟ್ ಬೆಲ್ಟು ಬಿಗಿಯಿರಿ. ಮಂಗಳೂರಿನಿಂದ ಸಂಪಾಜೆ ಘಾಟಿ, ಕಣ್ಣೂರಿನಿಂದ ಮಾಕುಟ್ಟ ಘಾಟಿ, ಎರಡರ ತಿರುವಿನಲ್ಲೂ ಹಗ್ಗ ಸಡಿಲಿದ ಯಂತ್ರ ಲಾರಿಯ ಪಕ್ಕವನ್ನೇ ಒಡೆದು ಬರುತ್ತದೆ. ಅರ್ಧ ಗಂಟೆಗೊಮ್ಮೆ ನಿಲ್ಲಿಸಿ ಬಿಗಿ ನೋಡಿ. ಸಾಗಾಟವನ್ನು ಮಳೆಗಾಲಕ್ಕಂತೂ ಇಟ್ಟುಕೊಳ್ಳಬೇಡಿ. 2018ರ ಆಗಸ್ಟಿನ ಭೂಕುಸಿತದಲ್ಲಿ ಮಡಿಕೇರಿ–ಸಂಪಾಜೆ ರಸ್ತೆಯೇ ಕಡಿದುಹೋಗಿತ್ತು.

ತುಕ್ಕು ಮತ್ತು ವೈಟ್ ಮೆಟಲ್

ಸಣ್ಣ ಭಾಗಗಳಿಗೆ ಕಾಕಂಬಿ ಸಾಕು. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಎರಡು ವಾರ. ನಾತ ಬರುತ್ತದೆ, ಮನೆಯಿಂದ ದೂರ ಇಡಿ. ಬೇಗ ಆಗಬೇಕೆಂದರೆ ವಾಷಿಂಗ್ ಸೋಡಾ ನೀರಿನಲ್ಲಿ ಬ್ಯಾಟರಿ ಚಾರ್ಜರಿನ ಮೈನಸ್ ತುದಿಯನ್ನು ತುಕ್ಕಿನ ಭಾಗಕ್ಕೂ ಪ್ಲಸ್ ತುದಿಯನ್ನು ಹಳೇ ಕಬ್ಬಿಣದ ತಗಡಿಗೂ ಕೊಡಿ. ತಗಡು ಸ್ಟೇನ್‌ಲೆಸ್ ಆಗಬಾರದು, ವಿಷದ ಕ್ರೋಮಿಯಂ ನೀರಿಗೆ ಇಳಿಯುತ್ತದೆ. ಅಲ್ಯುಮಿನಿಯಂ ಭಾಗವನ್ನು ಇದಕ್ಕೆ ಮುಳುಗಿಸಬೇಡಿ, ಕರಗಿಹೋಗುತ್ತದೆ. ಹಳೇ ಬಣ್ಣದಲ್ಲಿ ಸೀಸ ಇರಬಹುದು, ಒಣಗಿದಂತೆ ಉಜ್ಜಿ ಧೂಳೆಬ್ಬಿಸದೆ ಒದ್ದೆಯಾಗಿಯೇ ಕೆರೆಯಿರಿ.

ಹಳೇ ಬೆಲ್ಟ್ ಯಂತ್ರಗಳಲ್ಲಿ ಬಾಲ್ ಬೇರಿಂಗಿನ ಬದಲು ವೈಟ್ ಮೆಟಲ್, ಅಂದರೆ ಶಾಫ್ಟಿನ ಸುತ್ತ ಕರಗಿಸಿ ಹೊಯ್ದ ಮೆತು ಮಿಶ್ರಲೋಹ ಇರುತ್ತದೆ. ಅದನ್ನು ಕಿತ್ತು ಬಾಲ್ ಬೇರಿಂಗ್ ಕೂರಿಸುವುದು ಸಂಗ್ರಹದ ದೃಷ್ಟಿಯಿಂದ ನಷ್ಟ. ಹೊಸದಾಗಿ ಹೊಯ್ಯುವುದು ಕಷ್ಟವಿಲ್ಲ, ಎಚ್ಚರ ಬೇಕು, ಅಷ್ಟೆ. ಹಳೇ ಲೋಹ ಕರಗಿಸಿ ತೆಗೆಯಿರಿ. ಬೇರಿಂಗಿನ ಮನೆಯನ್ನು ಬ್ಲೋಲ್ಯಾಂಪಿನಿಂದ ಕಾಯಿಸಿ, ನೀರು ಚಿಮುಕಿಸಿದರೆ ಚುಂಯ್ ಎಂದು ಹಾರುವವರೆಗೆ. ಈ ಹೆಜ್ಜೆ ಬಿಟ್ಟರೆ, ಜುಲೈನ ತೇವ ಕುಡಿದ ಬೀಡಿಗೆ ಕರಗಿದ ಲೋಹ ಬಿದ್ದ ಕೂಡಲೇ ಒಳಗಿನ ನೀರು ಆವಿಯಾಗಿ ಲೋಹವನ್ನು ಮುಖಕ್ಕೆ ಎರಚುತ್ತದೆ. ಶಾಫ್ಟಿಗೆ ಕರ್ಪೂರದ ಹೊಗೆಯ ಮಸಿ ಹಿಡಿಸಿ, ಆಗ ಲೋಹ ಅಂಟುವುದಿಲ್ಲ. ಶಾಫ್ಟನ್ನು ನಡುವಿಗೆ ತಂದು ಎರಡು ತುದಿಯ ಸಂದಿಯನ್ನು ಎಣ್ಣೆಯಲ್ಲಿ ಕಲಸಿದ ಜೇಡಿಯಿಂದ ಮುಚ್ಚಿ, ನೀರಿನಲ್ಲಿ ಕಲಸಿದ್ದರಿಂದ ಅಲ್ಲ. ಲೋಹದ ಬಿಸಿ ನೋಡಲು ಒಣ ಮರದ ಸೀಳನ್ನು ಅದ್ದಿ: ಕಂದಾಗಿ ಸುಟ್ಟರೆ ಹದ, ಹೊತ್ತಿಕೊಂಡರೆ ಮಿತಿಮೀರಿದೆ. ಒಂದೇ ಧಾರೆಯಲ್ಲಿ, ನಡುವೆ ನಿಲ್ಲಿಸದೆ ಹೊಯ್ಯಿರಿ. ಶಾಫ್ಟಿಗೂ ಲೋಹಕ್ಕೂ ನಡುವಿನ ಸಡಿಲ, ಶಾಫ್ಟಿನ ವ್ಯಾಸದ ಪ್ರತಿ ಇಂಚಿಗೆ ಇಂಚಿನ ಸಾವಿರದಲ್ಲೊಂದು ಪಾಲು: 2 ಇಂಚಿನ ಶಾಫ್ಟಿಗೆ ಸುಮಾರು 0.05 ಮಿ.ಮೀ. ಕೆಲಸ ಬಯಲಿನಲ್ಲೇ ಮಾಡಿ, ಹೊಗೆಯಲ್ಲಿ ಸೀಸ ಇರಬಹುದು.

ನಿಲ್ಲಿಸಿದ ಮೇಲೆ

ಮೊದಲ ಓಟಕ್ಕೆ ಬ್ಲೇಡೂ ಕಟ್ಟರೂ ಇಲ್ಲದೆ ಹತ್ತು ನಿಮಿಷ. ಬೇರಿಂಗ್ ಮೇಲೆ ಕೈಯಿಡಿ. ಬೆಚ್ಚಗಿರಬಹುದು, ಕೈ ತೆಗೆಯುವಷ್ಟು ಸುಡಬಾರದು. ಆಮೇಲೆ ಅರ್ಧ ಗಂಟೆ, ಆಮೇಲೆ ಬ್ಲೇಡು. ಬ್ಯಾಂಡ್ ಸಾ ಬ್ಲೇಡಿನ ದಪ್ಪ ಚಕ್ರದ ವ್ಯಾಸದ ಸಾವಿರದಲ್ಲೊಂದು ಪಾಲು ಮೀರಬಾರದು, 36 ಇಂಚಿನದಕ್ಕೆ ಸುಮಾರು 0.9 ಮಿ.ಮೀ. ದಪ್ಪ ಬ್ಲೇಡು ಹೆಚ್ಚು ದಿನ ಬರುತ್ತದೆಂದು ಹಾಕಿದರೆ ಚಕ್ರದ ಮೇಲೆ ಬಾಗಿ ಬಾಗಿ ಬೇಗನೆ ಬಿರುಕು ಬಿಡುತ್ತದೆ. ಉದ್ದಕ್ಕೆ: ವ್ಯಾಸ ಗುಣಿಸು 3.14, ಅದಕ್ಕೆ ಎರಡು ಚಕ್ರಗಳ ಕೇಂದ್ರಗಳ ನಡುವಿನ ದೂರದ ಎರಡರಷ್ಟು ಕೂಡಿಸಿ. 36 ಇಂಚಿನ ಚಕ್ರ, ಕೇಂದ್ರಗಳ ನಡುವೆ 60 ಇಂಚು ಇದ್ದರೆ 233 ಇಂಚು, ಅಂದರೆ 19 ಅಡಿ 5 ಇಂಚು. ಅಳೆಯುವಾಗ ಮೇಲಿನ ಚಕ್ರವನ್ನು ಅದರ ಓಡಾಟದ ನಡುವೆ ಇಟ್ಟುಕೊಳ್ಳಿ, ಬ್ಲೇಡು ಮತ್ತೆ ಬೆಸೆಯುವಾಗ ಇಂಚೆರಡು ಇಂಚು ಕಮ್ಮಿಯಾಗುತ್ತದೆ.

ಮೇ ಕೊನೆಗೆ ಬ್ಲೇಡಿನ ಬಿಗಿ ಸಡಿಲಿಸಿ. ಟೇಬಲ್ಲಿಗೆ ಎಣ್ಣೆ ಒರೆಸಿ ಮೇಣ ಹಚ್ಚಿ. ಪ್ಲಾಸ್ಟಿಕ್ ಹಾಳೆ ಹೊದಿಸಬೇಡಿ, ಬೆಳಗಿನ ಮಂಜಿಗೆ ತಣ್ಣಗಾದ ಬೀಡಿನ ಮೇಲೆ ಅದರೊಳಗೇ ನೀರು ಕಟ್ಟುತ್ತದೆ. ಹತ್ತಿ ಬಟ್ಟೆ ಹೊದಿಸಿ, ಮೋಟಾರಿನ ಹತ್ತಿರ 40 ವ್ಯಾಟಿನ ಬಲ್ಬು ಉರಿಯಲು ಬಿಡಿ. ಮೇಲೆ ಹೊಟ್ಟು ಉಳಿಯದಂತೆ ಗುಡಿಸಿ, ಅದು ತೇವ ಹೀರಿ ತಾನು ಕೂತಲ್ಲೆಲ್ಲ ಕೆಂಪು ಮಚ್ಚೆ ಮೂಡಿಸುತ್ತದೆ. ಹದಿನೈದು ದಿನಕ್ಕೊಮ್ಮೆ ಪ್ರತಿ ಸ್ಪಿಂಡಲ್ಲನ್ನೂ ಕೈಯಲ್ಲಿ ಕಾಲು ಸುತ್ತು ತಿರುಗಿಸಿ, ಬೇರಿಂಗಿನ ಗುಂಡುಗಳು ಒಂದೇ ಜಾಗದಲ್ಲಿ ಕೂತು ತುಕ್ಕಿನ ಕುಳಿ ಬೀಳಿಸದಂತೆ.